ವೈದ್ಯರನ್ನು ಕೇಳಿ: ವಿಟಮಿನ್ ಇ ಕ್ಯಾಪ್ಸೂಲ್ ದಿನವೂ ಬೇಕೇ?

ನಿರ್ವಾಹಕರು: "ದಿನಕ್ಕೆರಡು ಹಸಿರು ಕ್ಯಾಪ್ಸೂಲ್ ನುಂಗಿ, ಹೃದಯಾಘಾತ, ಕಾಲುಸೆಳೆತ, ಸುಕ್ಕು ಎಲ್ಲವೂ ಮಾಯ" ಎಂಬ ಸಂದೇಶ ಗುಂಪಿನಲ್ಲಿ ಓಡಾಡುತ್ತಿದೆ. ನಮ್ಮ ಡಾಕ್ಟರ್ ಮೇಡಂ ಇಂದು ಉತ್ತರಿಸುತ್ತಾರೆ.

ಸದಸ್ಯೆ, ಹಾಸನ: ನಮಸ್ಕಾರ ಮೇಡಂ. ಕ್ಯಾಪ್ಸೂಲ್ ಚುಚ್ಚಿ ಮುಖಕ್ಕೆ ಹಚ್ಚಿದರೆ ಕಲೆ ಹೋಗುತ್ತದೆಯೇ?

ಡಾಕ್ಟರ್: ನಮಸ್ಕಾರ. ಹೋಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಶಸ್ತ್ರಚಿಕಿತ್ಸೆಯ ಕಲೆಗಳಿಗೆ ಹಚ್ಚಿ ನೋಡಿದ 1999ರ ಸಣ್ಣ ಅಧ್ಯಯನವೊಂದರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಚರ್ಮ ಕೆರಳಿತ್ತು.

ಸದಸ್ಯ, ಚಿತ್ರದುರ್ಗ: ಊಟದಿಂದಲೇ ಸಿಗುವುದಿಲ್ಲವೇ ಮೇಡಂ?

ಡಾಕ್ಟರ್: ಸಿಗುತ್ತದೆ. ಅಮೆರಿಕದ ಲೆಕ್ಕದಲ್ಲಿ ವಯಸ್ಕರಿಗೆ ದಿನಕ್ಕೆ 15 ಮಿಲಿಗ್ರಾಂ ಸಾಕು. 28 ಗ್ರಾಂ ಸೂರ್ಯಕಾಂತಿ ಬೀಜದಲ್ಲಿ ಸುಮಾರು 7, ಬಾದಾಮಿಯಲ್ಲೂ ಹತ್ತಿರಹತ್ತಿರ ಅಷ್ಟೇ, ಶೇಂಗಾದಲ್ಲಿ ಸುಮಾರು 2 ಮಿಲಿಗ್ರಾಂ ಇರುತ್ತದೆ. ನಿಜವಾದ ಕೊರತೆ ಬರುವುದು ಹೆಚ್ಚಾಗಿ ಕರುಳು ಕೊಬ್ಬನ್ನು ಹೀರದವರಿಗೆ ಮತ್ತು ಪಿತ್ತನಾಳ ಕಟ್ಟಿಕೊಂಡ ಎಳೆಯ ಮಕ್ಕಳಿಗೆ.

ಸದಸ್ಯ, ಪುತ್ತೂರು: ಗಾಣದ ಕೊಬ್ಬರಿ ಎಣ್ಣೆಯಲ್ಲಿ ಇದು ತುಂಬಿರುತ್ತದೆ. ಪ್ಯಾಕೆಟ್ ಎಣ್ಣೆ ಬಿಟ್ಟರೆ ಸಾಕು.

ಡಾಕ್ಟರ್: ಕೊಬ್ಬರಿ ಎಣ್ಣೆಯಲ್ಲಿ ವಿಟಮಿನ್ ಇ ತೀರಾ ಕಡಿಮೆ. ಸೂರ್ಯಕಾಂತಿ ಎಣ್ಣೆಯಲ್ಲಿ ಹೆಚ್ಚು.

ಸದಸ್ಯ, ಪುತ್ತೂರು: ನಮ್ಮ ಅಜ್ಜ ಕೊಬ್ಬರಿ ಎಣ್ಣೆ ತಿಂದೇ ತೊಂಬತ್ತು ದಾಟಿದರು.

ಸದಸ್ಯ, ರಾಯಚೂರು: ನಾವು ಸೂರ್ಯಕಾಂತಿ ಬೆಳೆಯುವವರು. ನೀವು ತಿನ್ನುವುದು ಅಮೃತ, ನಾವು ಬೆಳೆಯುವುದು ವಿಷವೇ?

ಸದಸ್ಯೆ, ಶಿರಸಿ: ಮೇಡಂ, ನಮ್ಮ ಮಾವನವರಿಗೆ 68 ವರ್ಷ. ಹೃದಯದ ಕವಾಟ ಬದಲಾಯಿಸಿದ್ದಾರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನಡೆಯುತ್ತಿದೆ. ಕಾಲುಸೆಳೆತವೆಂದು ಈ ಸಂದೇಶ ನೋಡಿ ಒಂದು ತಿಂಗಳಿಂದ 400 ಯೂನಿಟ್ಟಿನ ಕ್ಯಾಪ್ಸೂಲ್ ಬೆಳಿಗ್ಗೆ, ರಾತ್ರಿ ನುಂಗುತ್ತಿದ್ದಾರೆ. ಹಲ್ಲುಜ್ಜಿದರೆ ಒಸಡಿನಿಂದ ರಕ್ತ ಬರುತ್ತಿದೆ. ವಿಟಮಿನ್ ಸಿ ಕೊಡಲೇ?

ಡಾಕ್ಟರ್: ಅಮ್ಮಾ, ಉಳಿದದ್ದನ್ನು ಬಿಟ್ಟು ಇದನ್ನು ಓದಿ. ವಿಟಮಿನ್ ಇ ಕ್ಯಾಪ್ಸೂಲನ್ನು ಈಗಲೇ ನಿಲ್ಲಿಸಿ. ವಾರ್ಫರಿನ್ ಅನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ, ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿದರೆ ಪ್ರಾಣಕ್ಕೇ ಕುತ್ತು. ಇವತ್ತೇ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡುವ ಪಿಟಿ-ಐಎನ್‌ಆರ್ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಹೃದ್ರೋಗ ವೈದ್ಯರಿಗೆ ಫೋನಿನಲ್ಲೇ ತಿಳಿಸಿ. ಕ್ಯಾಪ್ಸೂಲಿನ ವಿಷಯವನ್ನೂ ಹೇಳಿ.

ವಾರ್ಫರಿನ್ ಕೆಲಸ ಮಾಡುವುದು ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆಯನ್ನು ತಡೆದು. ಹೆಚ್ಚು ಪ್ರಮಾಣದ ವಿಟಮಿನ್ ಇ ಕೂಡ ವಿಟಮಿನ್ ಕೆಯ ಕೆಲಸಕ್ಕೆ ಅಡ್ಡ ಬರುತ್ತದೆ, ಜೊತೆಗೆ ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟುವುದನ್ನೂ ತಗ್ಗಿಸುತ್ತದೆ. ಎರಡೂ ಸೇರಿದರೆ ರಕ್ತಸ್ರಾವ. ವಿಟಮಿನ್ ಸಿ ಕೊಟ್ಟು ಕಾಯಬೇಡಿ. ಮಲ ಕಪ್ಪಾಗಿದೆಯೇ? ಮೂತ್ರ ಕೆಂಪಾಗಿದೆಯೇ? ಇತ್ತೀಚೆಗೆ ಬಿದ್ದಿದ್ದಾರೆಯೇ? ತೀವ್ರ ತಲೆನೋವು, ವಾಂತಿ, ಮಾತು ತೊದಲುವುದು ಇವುಗಳಲ್ಲಿ ಒಂದು ಕಂಡರೂ ಪರೀಕ್ಷೆಗೆ ಕಾಯದೆ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಸೆಳೆತಕ್ಕೆಂದು ನೋವಿನ ಮಾತ್ರೆಯನ್ನೂ ಕೊಡಬೇಡಿ.

ಸದಸ್ಯೆ, ಶಿರಸಿ: ಬಿದ್ದಿಲ್ಲ, ಮಲ ಸರಿಯಾಗಿದೆ. ತೊಡೆಯ ಮೇಲೆ ನೀಲಿ ಕಲೆ ಇದೆ. ಈಗಲೇ ಹೊರಡುತ್ತೇವೆ.

ಸದಸ್ಯೆ, ಮಂಡ್ಯ: ಮಾಸು ಬೀಳದ ಹಸುವಿಗೆ ಪಶುವೈದ್ಯರು ವಿಟಮಿನ್ ಇ, ಸೆಲೆನಿಯಂ ಇಂಜೆಕ್ಷನ್ ಕೊಟ್ಟಿದ್ದಾರೆ. ಹಾಲು ಬಳಸಬಹುದೇ?

ಸದಸ್ಯೆ, ತುಮಕೂರು: ಮುಖಕ್ಕೆ ಅಲೋವೆರಾ ಜೊತೆ ಹಚ್ಚಬಹುದೇ?

ಡಾಕ್ಟರ್: ಮೇಲೆ ಬರೆದಿದ್ದೇನೆ.

ಸದಸ್ಯ, ಬೆಂಗಳೂರು: ಆ ಸಂದೇಶ ಹಾಕಿದವನು ನಾನೇ. ಹತ್ತು ವರ್ಷದಿಂದ ನುಂಗುತ್ತಿದ್ದೇನೆ, ಏನೂ ಆಗಿಲ್ಲ. ಒಬ್ಬರ ಮಾವನಿಗಾಗಿ ಎಲ್ಲರನ್ನೂ ಏಕೆ ಹೆದರಿಸುತ್ತೀರಿ?

ಡಾಕ್ಟರ್: ಅಮೆರಿಕ, ಕೆನಡಾಗಳಲ್ಲಿ 35,000ಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ ಸೆಲೆಕ್ಟ್ ಪ್ರಯೋಗದಲ್ಲಿ ದಿನಕ್ಕೆ 400 ಯೂನಿಟ್ ನುಂಗಿದವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚು ಬಂತೆಂದು 2011ರಲ್ಲಿ ಪ್ರಕಟವಾಯಿತು. ಹೃದಯಾಘಾತ ತಡೆಯುತ್ತದೆಂಬ ನಿರೀಕ್ಷೆಯೂ 2000ದ ಹೋಪ್ ಪ್ರಯೋಗದಲ್ಲಿ ಹುಸಿಯಾಯಿತು. ನಿಮಗೆ ಏನೂ ಆಗಿಲ್ಲವೆಂಬುದು ಇನ್ನೊಬ್ಬರಿಗೆ ಔಷಧ ಹೇಳಲು ಅರ್ಹತೆಯಲ್ಲ.

ಸದಸ್ಯ, ಬೆಂಗಳೂರು: ಅದು ಅವರ ದೇಶದ ಮೈ. ವೈದ್ಯರಿಗೆ ಅಗ್ಗದ ಮದ್ದು ಹಿಡಿಸುವುದಿಲ್ಲ.

ಸದಸ್ಯ, ರಾಯಚೂರು: ಮಾತು ಹಿಡಿತದಲ್ಲಿರಲಿ. ಅವರು ಹಣ ಪಡೆದು ಉತ್ತರಿಸುತ್ತಿಲ್ಲ.

ಸದಸ್ಯ, ಪುತ್ತೂರು: ಎಣ್ಣೆಯ ವಿಷಯಕ್ಕೆ ನೀವು ಇನ್ನೂ ಉತ್ತರಿಸಿಲ್ಲ.

ಸದಸ್ಯ, ದಾವಣಗೆರೆ: ನನಗೆ ಫ್ಯಾಟಿ ಲಿವರ್, ಸಕ್ಕರೆ ಕಾಯಿಲೆ ಎರಡೂ ಇವೆ. ಇದನ್ನು ಬರೆದುಕೊಟ್ಟಿದ್ದಾರೆ. ನಿಲ್ಲಿಸಲೇ?

ಡಾಕ್ಟರ್: ವೈದ್ಯರು ಬರೆದದ್ದನ್ನು ನನ್ನ ಮಾತಿಗೆ ನಿಲ್ಲಿಸಬೇಡಿ. ಯಕೃತ್ತಿನಲ್ಲಿ ಕೊಬ್ಬಿನ ಜೊತೆ ಉರಿಯೂತವೂ ಇದ್ದ, ಸಕ್ಕರೆ ಕಾಯಿಲೆ ಇಲ್ಲದ ವಯಸ್ಕರಿಗೆ ದಿನಕ್ಕೆ 800 ಯೂನಿಟ್ ಕೊಟ್ಟಾಗ ಪ್ರಯೋಜನವಾದದ್ದು 2010ರ ಪ್ರಯೋಗದಲ್ಲಿ ಕಂಡಿತ್ತು. ನಿಮಗೆ ಸಕ್ಕರೆ ಕಾಯಿಲೆ ಇರುವುದರಿಂದ ಏಕೆ, ಎಷ್ಟು ದಿನ ಎಂದು ಅವರನ್ನೇ ಕೇಳಿ.

ಸದಸ್ಯೆ, ಬಳ್ಳಾರಿ: ಕೂದಲಿಗೆ?

ಡಾಕ್ಟರ್: ಬೇಡ.

ಸದಸ್ಯೆ, ಶಿರಸಿ: ಐಎನ್‌ಆರ್ 6.4 ಬಂದಿದೆ.

ಡಾಕ್ಟರ್: ಇದು ಬಹಳ ಹೆಚ್ಚು. ಹೃದ್ರೋಗ ವೈದ್ಯರು ಏನು ಹೇಳಿದರು?

ಸದಸ್ಯೆ, ಶಿರಸಿ: ಇಂದಿನ ವಾರ್ಫರಿನ್ ಬೇಡ, ಆಸ್ಪತ್ರೆಯಲ್ಲೇ ಇರಲಿ ಎಂದಿದ್ದಾರೆ.

ಡಾಕ್ಟರ್: ಸರಿಯಾಗಿದೆ. ಉಳಿದ ಕ್ಯಾಪ್ಸೂಲ್‌ಗಳನ್ನು ಮನೆಯಲ್ಲಿ ಇಡಬೇಡಿ. ಬೆಂಗಳೂರಿನವರೇ, ಆ ಸಂದೇಶವನ್ನು ಅಳಿಸಿ.

ಸದಸ್ಯ, ಬೆಂಗಳೂರು: ನಾನು ಯಾರನ್ನೂ ಬಲವಂತ ಮಾಡಿಲ್ಲ.

ನಿರ್ವಾಹಕರು: ಸಂದೇಶ ಅಳಿಸಿದ್ದೇನೆ. ಇನ್ನು ಶಿರಸಿಯವರ ವಿಷಯ ಬಿಟ್ಟು ಬೇರೇನೂ ಬರೆಯಬೇಡಿ.

ಡಾಕ್ಟರ್: ಅಮ್ಮಾ, ಮತ್ತೆ ಪರೀಕ್ಷೆ ಯಾವಾಗ?

ಸದಸ್ಯೆ, ಶಿರಸಿ: ನಾಳೆ ಬೆಳಿಗ್ಗೆ ಮೇಡಂ.