ಪದಚರ್ಚೆ: ಹಳೆಯ ಇಂಗ್ಲಿಷ್ ನಾಟಕ ಪುಸ್ತಕಗಳಲ್ಲಿ ‘ಕಾಪಿ’ ಅಂದರೆ ನಕಲಾ, ಹಕ್ಕಾ?

ಎಲ್ಲರಿಗೂ ನಮಸ್ಕಾರ.

ಶೇಕ್ಸ್‌ಪಿಯರ್ ಕಾಲದ ಲಂಡನ್ನಿನಲ್ಲಿ ನಾಟಕಗಳನ್ನು ಯಾರು ಅಚ್ಚು ಹಾಕಿಸುತ್ತಿದ್ದರು, ಯಾರು ಮಾರುತ್ತಿದ್ದರು, ದುಡ್ಡು ಯಾರ ಕೈಗೆ ಹೋಗುತ್ತಿತ್ತು ಅನ್ನುವುದರ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬೇರೆ ಪದಗಳೆಲ್ಲ ಹೇಗೋ ದಾರಿಗೆ ಬಂದವು. ‘ಕಾಪಿ’ ಮಾತ್ರ ಜಗ್ಗುತ್ತಿಲ್ಲ. ನಿಘಂಟು ತೆಗೆದರೆ ನಕಲು, ಪ್ರತಿ, ಅನುಕರಣೆ ಅಂತ ಇದೆ. ಮೂರೂ ಸಾಲದು. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬೇಸರ ಮಾಡ್ಕೋಬೇಡಿ.

ಮೊದಲು ಹ್ಯಾಮ್ಲೆಟ್ ತೆಗೆದುಕೊಳ್ಳೋಣ. ಅದು ಮೊದಲ ಸಲ ಅಚ್ಚಾಗಿದ್ದು 1603ರಲ್ಲಿ. ಅದರ ಹಿಂದೆಯೇ ಇನ್ನೊಂದು ಮುದ್ರಣ ಬಂತು. ಇದರ ಏಳು ಪುಸ್ತಕಗಳು ಈಗ ಉಳಿದಿವೆ. ಮೂರರ ಮೇಲೆ 1604 ಅಂತಿದೆ, ನಾಲ್ಕರ ಮೇಲೆ 1605. ಅಚ್ಚು ನಡೆಯುತ್ತಿರುವಾಗಲೇ ಇಸವಿ ತಿದ್ದಿದ್ದಾರೆ. ಈ ಎರಡನೇ ಮುದ್ರಣದ ಮುಖಪುಟ ಹೇಳೋದು ಹೀಗೆ: ಹೊಸದಾಗಿ ಅಚ್ಚು ಹಾಕಿದ್ದು, ಮೊದಲು ಇದ್ದಷ್ಟನ್ನೇ ಹೆಚ್ಚುಕಡಿಮೆ ಮತ್ತೆ ಸೇರಿಸಿ ಹಿಗ್ಗಿಸಿದ್ದು, ‘ಟ್ರೂ ಅಂಡ್ ಪರ್ಫೆಕ್ಟ್ ಕಾಪಿ’ಗೆ ಅನುಗುಣವಾಗಿದ್ದು.

ಇದನ್ನು ‘ನಿಜವಾದ, ಕುಂದಿಲ್ಲದ ನಕಲಿಗೆ ಅನುಗುಣವಾಗಿ’ ಅಂತ ಬರೆದರೆ ಓದುಗರು ನಗುತ್ತಾರೆ. ನಕಲು ನಿಜವಾಗೋದು ಹೇಗೆ? ಇಲ್ಲಿ ಕಾಪಿ ಅಂದರೆ ಅಚ್ಚಿನ ಮನೆಗೆ ಕೊಟ್ಟ ಬರಹ, ಮೊಳೆ ಜೋಡಿಸುವವನ ಕಣ್ಣ ಮುಂದೆ ಇರುವ ಹಾಳೆ. ಅಂದರೆ ನಕಲಿಗೆ ತದ್ವಿರುದ್ಧ. ಈ ಅರ್ಥ ಕನ್ನಡದವರಿಗೆ ಅಪರಿಚಿತವೇನಲ್ಲ. ಯಾವುದೇ ಕನ್ನಡ ಪತ್ರಿಕೆಯ ಡೆಸ್ಕಿಗೆ ಹೋಗಿ ನೋಡಿ. ‘ಕಾಪಿ ಬಂತಾ?’, ‘ಕಾಪಿ ಇನ್ನೂ ಎಡಿಟ್ ಆಗಿಲ್ಲ’ ಅಂತ ದಿನವಿಡೀ ಕೇಳುತ್ತದೆ. ಅಲ್ಲಿ ಕಾಪಿ ಅಂದರೆ ವರದಿಗಾರ ಬರೆದುಕೊಟ್ಟ ಮೂಲ. ಪರೀಕ್ಷಾ ಕೊಠಡಿಯಲ್ಲಿ ಹೊಡೆಯುವ ಕಾಪಿ ಬೇರೆಯದು.

ಅಂದ ಹಾಗೆ, ಆ ಮುಖಪುಟದ ಜಾಹೀರಾತು ಸುಳ್ಳಲ್ಲ. 1603ರ ಪುಸ್ತಕದಲ್ಲಿ ಸುಮಾರು 2,200 ಸಾಲುಗಳಿವೆ. ಎರಡನೆಯದರಲ್ಲಿ 3,700ಕ್ಕೂ ಜಾಸ್ತಿ. ‘ಟು ಬಿ ಆರ್ ನಾಟ್ ಟು ಬಿ’ ಆದಮೇಲೆ ‘ದಟ್ ಈಸ್ ದ ಕ್ವೆಶ್ಚನ್’ ಬರುತ್ತದೆ ಅಂತ ಎಲ್ಲರಿಗೂ ಗೊತ್ತು ಅಲ್ವಾ? ಮೊದಲ ಪುಸ್ತಕದಲ್ಲಿ ಅದು ‘ಐ, ದೇರ್ಸ್ ದ ಪಾಯಿಂಟ್’ ಅಂತಿದೆ. ಈ ‘ಐ’ ನಾನು ಅಲ್ಲ, ‘ಹೌದು’ ಅನ್ನುವುದರ ಅಂದಿನ ಕಾಗುಣಿತ. ‘ಇರೋದಾ, ಇಲ್ದೇ ಹೋಗೋದಾ, ಹೂಂ, ಅದೇ ವಿಷಯ’ ಅಂದಂತೆ. ನನಗೇನೋ ಈ ಸಾಲು ತಕ್ಕಮಟ್ಟಿಗೆ ಇಷ್ಟ. ವಿದ್ವಾಂಸರು ಮಾತ್ರ ಅದಕ್ಕೆ ಬಹಳ ಕಾಲ ಮರ್ಯಾದೆ ಕೊಡಲಿಲ್ಲ.

ಈ ಮೊದಲ ಅರ್ಥಕ್ಕೆ ‘ಮೂಲಪ್ರತಿ’ ಸಾಕು ಅನ್ನಿಸುತ್ತದೆ. ತೊಂದರೆ ಶುರುವಾಗೋದು ಎರಡನೆಯದರಲ್ಲಿ.

ಲಂಡನ್ನಿನ ಅಚ್ಚುಗಾರರು, ಪುಸ್ತಕ ವ್ಯಾಪಾರಿಗಳು, ರಟ್ಟು ಕಟ್ಟುವವರು ಎಲ್ಲ ಸೇರಿದ ಒಂದು ಸಂಘ ಇತ್ತು, ಸ್ಟೇಷನರ್ಸ್ ಕಂಪನಿ ಅಂತ. 1557ರಲ್ಲಿ ಅದಕ್ಕೆ ರಾಜಮನೆತನದ ಸನ್ನದು ಸಿಕ್ಕಿತು. ಅವರ ಹತ್ತಿರ ಒಂದು ದೊಡ್ಡ ರಿಜಿಸ್ಟರ್ ಇರುತ್ತಿತ್ತು. ಅದರಲ್ಲಿ 1602ರ ಜುಲೈ 26ರಂದು ಜೇಮ್ಸ್ ರಾಬರ್ಟ್ಸ್ ಎಂಬ ಮುದ್ರಕನ ಹೆಸರಲ್ಲಿ ಒಂದು ನಮೂದು ಇದೆ. ‘ಎಂಟರ್ಡ್ ಫಾರ್ ಹಿಸ್ ಕಾಪಿ’ ಅಂತ ಶುರು. ಆಮೇಲೆ ಅನುಮತಿ ಕೊಟ್ಟ ಅಧಿಕಾರಿ ಮತ್ತು ಸಂಘದ ವಾರ್ಡನ್ ಹೆಸರು. ಆಮೇಲೆ ‘ಡೆನ್ಮಾರ್ಕಿನ ರಾಜಕುಮಾರ ಹ್ಯಾಮ್ಲೆಟ್ಟನ ಸೇಡು ಎಂಬ ಹೆಸರಿನ ಒಂದು ಪುಸ್ತಕ’, ಲಾರ್ಡ್ ಚೇಂಬರ್ಲಿನ್ನನ ಆಳುಗಳು (ಶೇಕ್ಸ್‌ಪಿಯರ್ ಇದ್ದ ನಾಟಕ ಕಂಪನಿ) ಇತ್ತೀಚೆಗೆ ಆಡಿದ್ದು. ಕೊನೆಗೆ ಶುಲ್ಕ, ಆರು ಪೆನ್ಸ್. ನಾಟಕಕಾರನ ಹೆಸರೇ ಇಲ್ಲ.

ಇಲ್ಲಿ ‘ಅವನ ಕಾಪಿ’ ಅಂದರೆ ಏನು? ಅವನ ಕೈಲಿದ್ದ ಕಾಗದದ ಕಟ್ಟು ಅಲ್ಲ. ಆ ನಾಟಕವನ್ನು ಅಚ್ಚು ಹಾಕಿಸುವ ಹಕ್ಕು. ‘ತನ್ನ ಪ್ರತಿಯೆಂದು ನಮೂದಿಸಿದ’ ಅಂತ ಕನ್ನಡದಲ್ಲಿ ಬರೆದರೆ, ತನ್ನ ಪುಸ್ತಕದ ಮೇಲೆ ಹೆಸರು ಬರೆದುಕೊಂಡ ಅಂತ ಓದುಗ ತಿಳಿಯುತ್ತಾನೆ. ‘ಹಕ್ಕನ್ನು ನೋಂದಾಯಿಸಿದ’ ಅಂದರೆ ಅರ್ಥ ಸರಿ. ಆದರೆ ಅದು ಇವತ್ತಿನ ಕೃತಿಸ್ವಾಮ್ಯದ ಮಾತಿನ ಹಾಗೆ ಕೇಳುತ್ತದೆ. ಇವತ್ತು ಆ ಮಾತು ಕೇಳಿದ ಕೂಡಲೇ ಲೇಖಕ ನೆನಪಾಗುತ್ತಾನೆ. ಆಗ ಲೇಖಕನಿಗೆ ಅಲ್ಲಿ ಜಾಗವೇ ಇರಲಿಲ್ಲ. 1590ರ ದಶಕದಲ್ಲಿ ನಾಟಕಕಾರ ತನ್ನ ನಾಟಕವನ್ನು ನಾಟಕ ಕಂಪನಿಗೆ ಸುಮಾರು ಆರು ಪೌಂಡಿಗೆ ಮಾರುತ್ತಿದ್ದ, ಅಲ್ಲಿಗೆ ಅವನ ಲೆಕ್ಕ ಮುಗೀತು. ಮುಂದೆ ಅದು ಕಂಪನಿಯಿಂದ ಅಚ್ಚಿನವರಿಗೆ ಹೋದರೆ ಇವನನ್ನು ಯಾರೂ ಕೇಳಬೇಕಿರಲಿಲ್ಲ. ಅಚ್ಚಾದ ನಾಟಕದ ಮುಖಪುಟದಲ್ಲಿ ಶೇಕ್ಸ್‌ಪಿಯರನ ಹೆಸರು ಕಾಣಿಸಿಕೊಂಡಿದ್ದೇ 1598ರಲ್ಲಿ. ಅದಕ್ಕೆ ಮೊದಲು ಬಂದ ನಾಟಕಗಳಲ್ಲಿ ಯಾವ ಕಂಪನಿ ಆಡಿತು ಅನ್ನುವುದು ಇರುತ್ತಿತ್ತು, ಯಾರು ಬರೆದರು ಅನ್ನುವುದಲ್ಲ.

ಹಾಗಾಗಿ ನನ್ನ ಸಲಹೆ ‘ಖಾತೆ’. ನಮ್ಮಲ್ಲಿ ಸೈಟು, ಜಮೀನು ಯಾರ ಹೆಸರಿಗೆ ಖಾತೆ ಆಗಿದೆ ಅಂತ ಕೇಳುತ್ತೇವಲ್ಲ, ಹಾಗೇ. ‘ಹ್ಯಾಮ್ಲೆಟ್ ರಾಬರ್ಟ್ಸ್ ಹೆಸರಿಗೆ ಖಾತೆ ಆಯಿತು’ ಅಂದರೆ ಯಾವ ಕನ್ನಡಿಗನಿಗೂ ವಿವರಣೆ ಬೇಕಿಲ್ಲ. ಖಾತೆ ಬದಲಾವಣೆಯೂ ಇತ್ತು. 1607ರ ನವೆಂಬರಿನಲ್ಲಿ, ಆ ಹೊತ್ತಿಗೆ ನಿಕೊಲಾಸ್ ಲಿಂಗ್ ಎಂಬ ಪುಸ್ತಕ ವ್ಯಾಪಾರಿಯ ಹೆಸರಿಗೆ ಬಂದಿದ್ದ ಹ್ಯಾಮ್ಲೆಟ್, ಜಾನ್ ಸ್ಮೆಥ್ವಿಕ್ ಹೆಸರಿಗೆ ಹೋಯಿತು. ಇನ್ನೊಂದು ವಿಷಯದಲ್ಲೂ ಇದು ಚೆನ್ನಾಗಿ ಹೊಂದುತ್ತದೆ. ಖಾತೆ ಇದ್ದ ಮಾತ್ರಕ್ಕೆ ಕ್ರಯಪತ್ರ ಇದ್ದಂತಲ್ಲ ಅಂತ ಮನೆ ಕೊಂಡವರಿಗೆಲ್ಲ ಗೊತ್ತು. ಅಲ್ಲೂ ಸಂಘದ ಅನುಮತಿ ಬೇರೆ, ರಿಜಿಸ್ಟರಿನ ನಮೂದು ಬೇರೆ. ನಮೂದಾಗದೆ ಅಚ್ಚಾದ ನಾಟಕಗಳು ಬೇಕಾದಷ್ಟಿವೆ.

ಈ ಅರ್ಥ ಎಷ್ಟು ಗಟ್ಟಿಯಾಗಿತ್ತು ಅನ್ನೋದಕ್ಕೆ 1623ರ ಫೋಲಿಯೋ (ದೊಡ್ಡ ಅಳತೆಯ ಪುಸ್ತಕ) ಸಾಕ್ಷಿ. ಶೇಕ್ಸ್‌ಪಿಯರ್ ಸತ್ತು ಏಳು ವರ್ಷದ ಮೇಲೆ ಅವನ ಜೊತೆಗಾರ ನಟರಾದ ಜಾನ್ ಹೆಮಿಂಗ್ಸ್, ಹೆನ್ರಿ ಕಾಂಡೆಲ್ ಮುಂದೆ ನಿಂತು ತಂದ ಪುಸ್ತಕ. ಒಟ್ಟು 36 ನಾಟಕ, ಅದರಲ್ಲಿ 18 ಮೊದಲ ಸಲ ಅಚ್ಚಾದದ್ದು. ಆ ವರ್ಷ ನವೆಂಬರ್ 8ರಂದು ಅದರ ಪ್ರಕಾಶಕರಾದ ಎಡ್ವರ್ಡ್ ಬ್ಲೌಂಟ್ ಮತ್ತು ಐಸಾಕ್ ಜಾಗರ್ಡ್ ರಿಜಿಸ್ಟರಿಗೆ ಬರೆಸಿದ್ದು ಏನು ಗೊತ್ತಾ? ಶೇಕ್ಸ್‌ಪಿಯರನ ಹಾಸ್ಯ, ಚರಿತ್ರೆ, ದುರಂತ ನಾಟಕಗಳು, ‘ಈ ಹೇಳಿದ ಕಾಪಿಗಳಲ್ಲಿ ಬೇರೆಯವರ ಹೆಸರಿಗೆ ಮೊದಲೇ ನಮೂದಾಗದೆ ಇರುವಷ್ಟು’. ಕೆಳಗೆ 16 ಹೆಸರು. ಇಲ್ಲಿ ಕಾಪಿಗೆ ನಕಲು ಅಂತ ಹಾಕಿ ನೋಡಿ, ವಾಕ್ಯ ಕುಸಿದು ಬೀಳುತ್ತದೆ. ಪ್ರತಿ ಅಂದರೂ ಅಷ್ಟೇ. ‘ಬೇರೆಯವರ ಹೆಸರಿಗೆ ಖಾತೆ ಆಗದೆ ಇರುವ ನಾಟಕಗಳು’ ಅಂದರೆ ಪಟ್ ಅಂತ ಕೂರುತ್ತದೆ.

ಬೇರೆಯವರ ಹೆಸರಲ್ಲಿದ್ದ ನಾಟಕಗಳನ್ನು ಏನು ಮಾಡಿದರು? ಖಾತೆದಾರರ ಜೊತೆ ಮಾತಾಡಬೇಕಿತ್ತು. ಆ ಸ್ಮೆಥ್ವಿಕ್, ಜೊತೆಗೆ ವಿಲಿಯಂ ಆಸ್ಪ್ಲಿ ಎಂಬುವನು, ಇಬ್ಬರೂ ಫೋಲಿಯೋದಲ್ಲಿ ಪಾಲುದಾರರಾಗಿ ಸೇರಿಕೊಂಡರು. ಕೊನೇ ಪುಟದಲ್ಲಿ ಖರ್ಚು ಹಾಕಿದವರ ಪಟ್ಟಿಯಲ್ಲಿ ಅವರ ಹೆಸರೂ ಇದೆ. ಟ್ರಾಯ್ಲಸ್ ಅಂಡ್ ಕ್ರೆಸಿಡಾದ ಕಥೆ ಇನ್ನೂ ಮಜವಾಗಿದೆ. ಅದು ಪುಸ್ತಕದ ಒಳಗಿದೆ, ಆದರೆ ಮುಂದಿನ ನಾಟಕಗಳ ಪಟ್ಟಿಯಲ್ಲಿ ಇಲ್ಲ! ಅದರ ಹಕ್ಕಿನ ಮಾತುಕತೆ ಕುದುರುವುದು ತಡವಾಯಿತು, ಕೊನೇ ಗಳಿಗೆಯಲ್ಲಿ ತುರುಕಿದರು ಅಂತ ವಿದ್ವಾಂಸರು ಊಹಿಸುತ್ತಾರೆ.

ಬ್ರಿಟನ್ನಿನ 1710ರ ಕೃತಿಸ್ವಾಮ್ಯ ಕಾಯ್ದೆಯ ಉದ್ದನೆಯ ಹೆಸರಲ್ಲೂ ಇದೇ ಪದ ಬರುತ್ತದೆ. ಮುದ್ರಿತ ಪುಸ್ತಕಗಳ ‘ಕಾಪಿಗಳನ್ನು’ ಲೇಖಕರಿಗೆ, ಇಲ್ಲವೇ ಆ ಕಾಪಿಗಳನ್ನು ಕೊಂಡವರಿಗೆ, ಗೊತ್ತಾದ ಅವಧಿಗೆ ವಹಿಸಿ ವಿದ್ಯೆಗೆ ಪ್ರೋತ್ಸಾಹ ಕೊಡುವ ಕಾಯ್ದೆ ಅಂತ. ಹೊಸ ಪುಸ್ತಕಕ್ಕೆ 14 ವರ್ಷ, ಲೇಖಕ ಬದುಕಿದ್ದರೆ ಇನ್ನೂ 14. ಲೇಖಕನ ಹೆಸರು ಕೊನೆಗೂ ಒಳಗೆ ಬಂದಿದ್ದು ಇಲ್ಲಿ. ಈ ಕಾಲಕ್ಕೆ ಬೇಕಾದರೆ ‘ಹಕ್ಕು’ ಅನ್ನೋಣ. ಅದಕ್ಕೆ ಮುಂಚಿನದಕ್ಕೆ ಖಾತೆಯೇ ಇರಲಿ ಅಂತ ನನ್ನ ವಾದ.

ಮೂರನೇ ಅರ್ಥ ನಾವು ದಿನಾ ಬಳಸುವುದು: ಅಚ್ಚಾಗಿ ಬಂದ ಒಂದೊಂದು ಪುಸ್ತಕ. ‘ಪ್ರತಿಗಳು: 1000’ ಅಂತ ನಮ್ಮ ಪುಸ್ತಕಗಳ ಒಳಪುಟದಲ್ಲಿ ಇರುತ್ತದಲ್ಲ, ಅದು. ಇದರಲ್ಲಿ ಚರ್ಚೆ ಏನಿಲ್ಲ. ಫೋಲಿಯೋದ ಮುನ್ನುಡಿಯಲ್ಲಿ ಬರುವ ‘ಕದ್ದ, ಕಳ್ಳದಾರಿಯ ಕಾಪಿಗಳು’ ಎಂಬ ಪ್ರಸಿದ್ಧ ಮಾತಿಗೂ ಪ್ರತಿ ನಡೆಯುತ್ತದೆ.

ಆದರೆ ಆ ಮಾತಿನ ಬಲದ ಮೇಲೆ 1603ರ ಹ್ಯಾಮ್ಲೆಟ್ಟನ್ನು ಸುಮ್ನೆ ‘ಪೈರೇಟೆಡ್’ ಅಂತಲೋ ‘ಕಳ್ಳ ಮುದ್ರಣ’ ಅಂತಲೋ ಕರೆಯೋದು ನನಗೆ ಸರಿ ಕಾಣುವುದಿಲ್ಲ. ಅದನ್ನು ತಂದದ್ದು ಲಿಂಗ್ ಮತ್ತು ಜಾನ್ ಟ್ರಂಡೆಲ್. ಖಾತೆ ಇದ್ದದ್ದು ರಾಬರ್ಟ್ಸ್ ಹೆಸರಲ್ಲಿ, ನಿಜ. ಆದರೆ ಎರಡನೇ ಮುದ್ರಣವನ್ನು ಅಚ್ಚು ಹಾಕಿದ್ದು ಅದೇ ರಾಬರ್ಟ್ಸ್, ಹಾಕಿಸಿದ್ದು ಅದೇ ಲಿಂಗ್. ಫ್ಲೀಟ್ ಸ್ಟ್ರೀಟಿನಲ್ಲಿ ಸೇಂಟ್ ಡನ್‌ಸ್ಟನ್ ಚರ್ಚಿನ ಕೆಳಗಿದ್ದ ಲಿಂಗ್ ಅಂಗಡಿಯಲ್ಲೇ ಮಾರಾಟ. ಕಳ್ಳ ಮತ್ತು ಮಾಲು ಕಳಕೊಂಡವನು ಒಂದೆರಡು ವರ್ಷದಲ್ಲೇ ಜೊತೆಗೆ ವ್ಯಾಪಾರ ಮಾಡುತ್ತಾರಾ? ಪಠ್ಯ ಕೆಟ್ಟಿದೆ ಅನ್ನಿ, ಒಪ್ಪುತ್ತೇನೆ. ಎ. ಡಬ್ಲ್ಯೂ. ಪೊಲಾರ್ಡ್ ಎಂಬ ವಿದ್ವಾಂಸ 1909ರಲ್ಲಿ ಇಂಥವಕ್ಕೆ ‘ಬ್ಯಾಡ್ ಕ್ವಾರ್ಟೊ’ ಅಂತ ಹೆಸರಿಟ್ಟ. ಅದಕ್ಕೆ ನಾನು ‘ಕೆಟ್ಟ ಪಾಠದ ಕ್ವಾರ್ಟೊ’ ಅಂತ ಹಾಕಿದ್ದೇನೆ. ಪಾಠಾಂತರ, ಪಾಠಭೇದ ಅನ್ನುವ ಪದಗಳು ಹೇಗೂ ನಮ್ಮ ಸಂಪಾದಕರ ಬಾಯಲ್ಲಿವೆ.

ಕ್ವಾರ್ಟೊ, ಫೋಲಿಯೋಗಳನ್ನು ಹಾಗೇ ಬಿಟ್ಟಿದ್ದೇನೆ. ಹಾಳೆ ಒಮ್ಮೆ ಮಡಚಿದರೆ ಫೋಲಿಯೋ, ನಾಲ್ಕು ಪುಟ. ಎರಡು ಸಲ ಮಡಚಿದರೆ ಕ್ವಾರ್ಟೊ, ಎಂಟು ಪುಟ. ಬಿಡಿ ನಾಟಕದ ಕ್ವಾರ್ಟೊ ರಟ್ಟಿಲ್ಲದೆ ಸಾಮಾನ್ಯವಾಗಿ ಆರು ಪೆನ್ಸಿಗೆ ಸಿಗುತ್ತಿತ್ತು. ನಮ್ಮ ಪುಸ್ತಕಗಳಲ್ಲಿ ‘ಡೆಮಿ 1/8’ ಅಂತ ಹಾಕುತ್ತಾರಲ್ಲ, ಆ ಲೆಕ್ಕದಲ್ಲಿ ಕ್ವಾರ್ಟೊ ಅಂದರೆ 1/4. ‘ನಾಲ್ಕನೇ ಒಂದು’ ಅಂತ ಬರೆಯಬಹುದಿತ್ತು, ಆದರೆ ಗಣಿತದ ಪುಸ್ತಕದ ಥರ ಕಾಣುತ್ತದೆ.

ಕೊನೆಗೆ ಇನ್ನೊಂದು ಸಣ್ಣದು. ಬೆನ್ ಜಾನ್ಸನ್ 1616ರಲ್ಲಿ ತನ್ನ ನಾಟಕಗಳನ್ನೂ ಸೇರಿಸಿ ‘ವರ್ಕ್ಸ್’ ಅಂತ ದಪ್ಪ ಫೋಲಿಯೋ ತಂದ. ಯಃಕಶ್ಚಿತ್ ನಾಟಕಕ್ಕೆ ಅಂಥ ಹೆಸರಾ ಅಂತ ಲಂಡನ್ನಿನಲ್ಲಿ ಗೇಲಿ ಹುಟ್ಟಿತು: ಬೇರೆಯವರು ‘ಪ್ಲೇ’ ಅನ್ನೋದನ್ನು ನೀನು ‘ವರ್ಕ್’ ಅಂತೀಯಲ್ಲ ಬೆನ್, ಏನಪ್ಪಾ ಇದರ ಗುಟ್ಟು? ಇದನ್ನು ‘ನಾಟಕ’, ‘ಕೃತಿ’ ಅಂತ ಮಾಡಿದರೆ ತಮಾಷೆ ಸತ್ತೇ ಹೋಗುತ್ತದೆ. ಕರಾವಳಿಯವರು ಯಕ್ಷಗಾನಕ್ಕೆ ‘ಆಟ’ ಅನ್ನುತ್ತಾರಲ್ಲ, ಅದನ್ನು ಹಿಡಿದು ‘ಆಟ’, ‘ಕೆಲಸ’ ಅಂತ ಮಾಡಿದರೆ ಚುರುಕು ಉಳಿಯುತ್ತದೆ, ಆದರೆ ಪುಸ್ತಕದ ಹೆಸರು ‘ಕೆಲಸಗಳು’ ಆಗಿಬಿಡುತ್ತದೆ.

ಹಾಗಾಗಿ ಎರಡು ಪ್ರಶ್ನೆ. ‘ಖಾತೆ’ ನಿಮಗೆ ಒಪ್ಪಿಗೆಯಾ, ಅಥವಾ ತಾಲೂಕು ಕಚೇರಿಯ ವಾಸನೆ ಜಾಸ್ತಿ ಆಯಿತಾ? ಮತ್ತೆ, ಮೊಳೆ ಜೋಡಿಸುವ ಕಾಲದ ಪ್ರೆಸ್ಸುಗಳಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ, ಮುಂದೆ ಇಟ್ಟುಕೊಂಡ ಬರಹಕ್ಕೆ ನೀವು ಕಾಪಿ ಅಂತಲೇ ಅನ್ನುತ್ತಿದ್ದಿರಾ, ಬೇರೆ ಕನ್ನಡ ಪದ ಇತ್ತಾ? ಇದ್ದರೆ ‘ಮೂಲಪ್ರತಿ’ ತೆಗೆದು ಅದನ್ನೇ ಹಾಕುತ್ತೇನೆ.