ಹಿರಿಯರಿರುವ ಕಬಡ್ಡಿ ತಂಡಕ್ಕೆ ಕಿರಿಯ ನಾಯಕ: ತಿದ್ದಿ ಹೇಳುವುದು ಹೇಗೆ?

ಕಾರಟಗಿಯ ರೈಡರ್:
ಎಲ್ಲರಿಗೂ ನಮಸ್ಕಾರ. ಈ ವರ್ಷ ನಮ್ಮೂರಿನ ಕಬಡ್ಡಿ ತಂಡಕ್ಕೆ ನನ್ನನ್ನು ನಾಯಕನನ್ನಾಗಿ ಮಾಡಿದ್ದಾರೆ. ತಂಡದಲ್ಲಿ ನಾನೇ ಚಿಕ್ಕವನು. ಎಡ ಕಾರ್ನರ್‌ನಲ್ಲಿ ನಿಲ್ಲುವವರು ಅಕ್ಕಿ ಗಿರಣಿಯಲ್ಲಿ ಹಮಾಲಿ ಕೆಲಸ ಮಾಡುವ ನಮ್ಮ ಕಾಕಾ. ಅವರ ಕೈಗೆ ಕಾಲು ಸಿಕ್ಕಿತೆಂದರೆ ಯಾವ ರೈಡರ್ ಕೂಡ ನಡುಗೆರೆ ಮುಟ್ಟುವುದಿಲ್ಲ. ಆದರೆ ಎದುರಾಳಿ ಒಳಗೆ ಬರುವ ಮೊದಲೇ ಹಾರಿಬಿಡುತ್ತಾರೆ. ಕೈ ಕೈ ಹಿಡಿದು ನಿಂತ ನಮ್ಮವರ ಚೈನ್ ಹರಿಯುತ್ತದೆ, ಒಂದು ಅಂಕ ಹೋಗುವಲ್ಲಿ ಎರಡು ಹೋಗುತ್ತವೆ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಗವಿಮಠದ ಜಾತ್ರೆ ತೋರಿಸಿದವರಿಗೆ ‘ತಡೆಯಿರಿ’ ಎಂದು ಹೇಗೆ ಹೇಳಲಿ?

ಸಿಂಧನೂರಿನ ದೈಹಿಕ ಶಿಕ್ಷಕ:
ತಮ್ಮಾ, ‘ತಡೆಯಿರಿ’ ಎನ್ನಲೇಬೇಡ. ಯಾವಾಗ ಹಿಡಿಯಬೇಕೆಂದು ಹೇಳು. ಅಂಕಣದಲ್ಲಿ ನಿಮ್ಮವರು ಆರೇಳು ಜನ ಇದ್ದಾಗ ರೈಡರ್ ಬೋನಸ್ ಮೇಲೆ, ಅಂದರೆ ಬೋನಸ್ ಗೆರೆ ದಾಟಿದರೆ ಸಿಗುವ ಹೆಚ್ಚುವರಿ ಅಂಕದ ಮೇಲೆ, ಕಣ್ಣು ಹಾಕುತ್ತಾನೆ. ಗೆರೆಯಾಚೆ ಒಂದು ಕಾಲಿಟ್ಟು ಇನ್ನೊಂದನ್ನು ನೆಲದಿಂದ ಎತ್ತಲೇಬೇಕು. ಆ ಗಳಿಗೆಯಲ್ಲಿ ಅವನ ಇಡೀ ಮೈಭಾರ ಒಂದೇ ಕಾಲಿನ ಮೇಲೆ. ‘ಕಾಕಾ, ಆ ಕಾಲು ನಿಮ್ಮದು’ ಎಂದು ಅವರಿಗೆ ಒಪ್ಪಿಸು. ಬಲವಿರುವ ಮನುಷ್ಯನಿಗೆ ಬೇಡ ಎಂದರೆ ನೋವಾಗುತ್ತದೆ, ಹೊಣೆ ಕೊಟ್ಟರೆ ಹುರುಪು ಬರುತ್ತದೆ. ಮೂವರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಾಗ ಹಿಡಿದರೆ ಎರಡು ಅಂಕ. ಅವರ ಎದೆಗಾರಿಕೆ ನಿಜವಾಗಿ ಬೇಕಾಗುವುದು ಆಗ.

ಇನ್ನೊಂದು ಮಾತು. ಔಟಾದವರು ಔಟಾದ ಕ್ರಮದಲ್ಲಿಯೇ ಒಳಗೆ ಬರುತ್ತಾರೆ. ಆ ಲೆಕ್ಕ ಸದಾ ನಿನ್ನ ತಲೆಯಲ್ಲಿರಲಿ. ಕಾಕಾ ಹೊರಗೆ ಕುಳಿತಿದ್ದರೆ, ಅವರು ಮರಳಲು ಎದುರಾಳಿಗಳಲ್ಲಿ ಎಷ್ಟು ಜನರನ್ನು ಔಟ್ ಮಾಡಬೇಕೆಂದು ತಿಳಿದು ದಾಳಿಗೆ ಹೋಗು.

ಬಳ್ಳಾರಿಯ ಖೋಖೋ ಆಟಗಾರ್ತಿ:
ಸರ್ ಮಾತು ಒಪ್ಪುತ್ತೇನೆ, ಆದರೆ ತಪ್ಪನ್ನೂ ನೇರವಾಗಿ ಹೇಳಲೇಬೇಕು. ಕಾಲೇಜು ತಂಡದ ನಾಯಕಿಯಾಗಿದ್ದಾಗ ಹಿರಿಯ ಅಕ್ಕಂದಿರನ್ನು ಅಭ್ಯಾಸ ಮುಗಿದ ಮೇಲೆ ಒಬ್ಬೊಬ್ಬರನ್ನಾಗಿ ಕಂಡು ಹೇಳುತ್ತಿದ್ದೆ. ನಾಲ್ಕು ಜನರ ಮುಂದೆ ಆಡಿದ ಮಾತು ಮನೆಯವರೆಗೂ ಹೋಗುತ್ತದೆ, ಅದರಲ್ಲೂ ಸಂಬಂಧಿಕರಾದರೆ ಕೇಳುವುದೇ ಬೇಡ. ಕಾಕಾ ಅಂಪೈರ್ ಜೊತೆ ವಾದಕ್ಕಿಳಿಯುವವರಾದರೆ ಮೊದಲು ನೀವು ಮುಂದೆ ಹೋಗಿ. ಹಸಿರು ಕಾರ್ಡ್ ಬರೀ ಎಚ್ಚರಿಕೆ, ಹಳದಿ ಬಂದರೆ ಎರಡು ನಿಮಿಷ ಹೊರಗೆ.

ದಾವಣಗೆರೆಯ ವಿನಯ್ ಕುಮಾರ್ 2014-15ರ ರಣಜಿ ಫೈನಲ್‌ನಲ್ಲಿ ತಮಿಳುನಾಡಿನ ಐದು ವಿಕೆಟ್ ಕಿತ್ತು, ಮೇಲೆ ಶತಕವನ್ನೂ ಹೊಡೆದು ಕಪ್ ಎತ್ತಿದರು. ನನಗೆ ನಾಯಕರೆಂದರೆ ಅವರು. ಕಷ್ಟದ ದಾಳಿಗೆ ಇನ್ನೊಬ್ಬರನ್ನು ಕಳಿಸದೆ ನೀವೇ ಹೋಗಿ, ಹಿರಿಯರು ತಾವಾಗಿಯೇ ಕೇಳುತ್ತಾರೆ.

ಕಾರಟಗಿಯ ರೈಡರ್:
ಸರ್, ಅಕ್ಕಾ, ಇಬ್ಬರಿಗೂ ಧನ್ಯವಾದ. ನಾಳೆ ಸಂಜೆ ಕೆಲಸ ಮುಗಿಯುವ ಹೊತ್ತಿಗೆ ಗಿರಣಿಗೇ ಹೋಗಿ ಕಾಕಾನನ್ನು ಕಾಣುತ್ತೇನೆ. ಮುಂದಿನ ಪಂದ್ಯ ಮ್ಯಾಟ್ ಮೇಲೆ. ನಾವು ಆಡಿದ್ದೆಲ್ಲ ಮಣ್ಣಿನಲ್ಲಿ.

ಸಿಂಧನೂರಿನ ದೈಹಿಕ ಶಿಕ್ಷಕ:
ಹಾಗಾದರೆ ಇಂದಿನಿಂದಲೇ ಎಲ್ಲರಿಗೂ ಶೂ ಹಾಕಿಸಿ ಅಭ್ಯಾಸ ಮಾಡಿಸು. ಬರಿಗಾಲು ಹಿಡಿದು ರೂಢಿಯಾದ ಕೈಗೆ ಶೂ ಜಾರುತ್ತದೆ. ಕಾಕಾ ಶೂ ಬಿಟ್ಟು ಕಣಕಾಲಿಗೇ ಕೈ ಹಾಕಲಿ.