ಫೈರ್‌ಫಾಕ್ಸ್ 64 ಬಂದ ಮೇಲೆ ಕಾಣೆಯಾದ ಫೀಡ್‌ಗಳು: ಪ್ರಶ್ನೋತ್ತರ (ಡಿಸೆಂಬರ್ 2018)

ತಂತ್ರಜ್ಞೆ: ಫೀಡ್ ಎಂದರೆ ಬ್ಲಾಗ್, ಪತ್ರಿಕೆಗಳ ಹೊಸ ಬರಹಗಳ ಪಟ್ಟಿಯನ್ನು ತಾನಾಗಿಯೇ ಒದಗಿಸುವ ವ್ಯವಸ್ಥೆ. ಡಿಸೆಂಬರ್ 11, 2018ರಂದು ಬಿಡುಗಡೆಯಾದ ಫೈರ್‌ಫಾಕ್ಸ್ ಬ್ರೌಸರಿನ 64ನೇ ಆವೃತ್ತಿಯಿಂದ, ಆ ಶೀರ್ಷಿಕೆಗಳನ್ನು ಬುಕ್‌ಮಾರ್ಕ್ ಪಟ್ಟಿಯಲ್ಲೇ ತೋರಿಸುತ್ತಿದ್ದ ಲೈವ್ ಬುಕ್‌ಮಾರ್ಕ್ ಸೌಲಭ್ಯವನ್ನೂ ಫೀಡ್‌ಗಳನ್ನು ಪುಟದ ರೂಪದಲ್ಲಿ ತೋರಿಸುತ್ತಿದ್ದ ವ್ಯವಸ್ಥೆಯನ್ನೂ ತೆಗೆದುಹಾಕಲಾಗಿದೆ. ಇದು ನಿಮ್ಮ ಕಂಪ್ಯೂಟರಿನ ದೋಷವಲ್ಲ. ಅಪ್‌ಡೇಟ್ ಆಗುವಾಗ ಬ್ರೌಸರ್ ನಿಮ್ಮ ಫೀಡ್ ವಿಳಾಸಗಳನ್ನೆಲ್ಲ ಒಂದು ಓಪಿಎಂಎಲ್ ಫೈಲಿನಲ್ಲಿ (ಫೀಡ್‌ಗಳ ಪಟ್ಟಿಯನ್ನು ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಒಯ್ಯುವ ಫೈಲ್) ಬರೆದು ಡೆಸ್ಕ್‌ಟಾಪ್‌ನಲ್ಲಿ ಇಡುತ್ತದೆ. ಅದರ ಹೆಸರು ‘ಫೈರ್‌ಫಾಕ್ಸ್ ಫೀಡ್ಸ್ ಬ್ಯಾಕಪ್’. ಅದನ್ನು ಅಳಿಸಬೇಡಿ. ಪ್ರಶ್ನೆಗಳಿದ್ದರೆ ಇಲ್ಲಿಯೇ ಕೇಳಿ.

ಸದಸ್ಯರು, ಸಾಗರ: ನಮಸ್ಕಾರ ಮೇಡಂ. ನಾನು ನಿವೃತ್ತ ಅಧ್ಯಾಪಕ. ಮೂವತ್ತು ಕನ್ನಡ ಬ್ಲಾಗ್‌ಗಳ ಹೊಸ ಬರಹಗಳು ಮೇಲಿನ ಪಟ್ಟಿಯಲ್ಲೇ ಕಾಣುತ್ತಿದ್ದವು. ಈಗ ಕ್ಲಿಕ್ ಮಾಡಿದರೆ ಬ್ಲಾಗಿನ ಮುಖಪುಟ ತೆರೆಯುತ್ತದೆಯೇ ಹೊರತು ಶೀರ್ಷಿಕೆಗಳು ಬರುವುದಿಲ್ಲ. ಡೆಸ್ಕ್‌ಟಾಪ್‌ನಲ್ಲಿ ತಾವು ಹೇಳಿದ ಫೈಲ್ ಇದೆ.

ತಂತ್ರಜ್ಞೆ: ಫೈಲ್ ಇದೆಯೆಂದರೆ ನಿಮ್ಮ ಕೆಲಸ ಸುಲಭ ಸರ್. ಥಂಡರ್‌ಬರ್ಡ್ ಎಂಬ ಇಮೇಲ್ ಸಾಫ್ಟ್‌ವೇರ್ ಹಾಕಿಕೊಂಡು, ಅದರಲ್ಲಿ ಫೀಡ್‌ಗಳಿಗೆಂದು ಒಂದು ಖಾತೆ ತೆರೆದು, ಚಂದಾದಾರಿಕೆಗಳನ್ನು ನಿರ್ವಹಿಸುವ ಕಿಟಕಿಯಲ್ಲಿ ‘ಇಂಪೋರ್ಟ್’ ಒತ್ತಿ ಆ ಫೈಲನ್ನು ತೋರಿಸಿ. ಬ್ರೌಸರಿನಲ್ಲೇ ಮೊದಲಿನಂತೆ ಬೇಕೆಂದರೆ ‘ಲೈವ್‌ಮಾರ್ಕ್ಸ್’ ಎಂಬ ಆ್ಯಡ್‌ಆನ್ ಇದೆ.

ಸದಸ್ಯರು, ದಾವಣಗೆರೆ: ನನ್ನ ಫೀಡ್‌ಗಳೂ ಹೋಗಿವೆ. ಏನು ಮಾಡಬೇಕು?

ತಂತ್ರಜ್ಞೆ: ಸಾಗರದವರಿಗೆ ಕೊಟ್ಟ ಉತ್ತರವನ್ನು ಓದಿ.

ಸದಸ್ಯರು, ಹಾಸನ: ವಾಟ್ಸಾಪ್‌ನಲ್ಲಿ ಬಂದ ಉಪಾಯವನ್ನು ಎಲ್ಲರಿಗೂ ಉಪಯೋಗವಾಗಲೆಂದು ಹಾಕುತ್ತಿದ್ದೇನೆ. ಬ್ರೌಸರಿನ ಒಳ ಸೆಟ್ಟಿಂಗ್‌ಗೆ ಹೋಗಿ, ‘ಫೀಡ್’ ಎಂಬ ಪದವಿರುವ ಸಾಲುಗಳನ್ನೆಲ್ಲ ‘ಟ್ರೂ’ ಮಾಡಬೇಕು. ಬರದಿದ್ದರೆ ‘ರಿಫ್ರೆಶ್ ಫೈರ್‌ಫಾಕ್ಸ್’ ಒತ್ತಬೇಕು. ಆಗಲೂ ಬರದಿದ್ದರೆ 63ನೇ ಆವೃತ್ತಿಯನ್ನು ಅದರ ಮೇಲೆಯೇ ಇನ್‌ಸ್ಟಾಲ್ ಮಾಡಬೇಕು.

ತಂತ್ರಜ್ಞೆ: ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಸೌಲಭ್ಯದ ಕೋಡನ್ನೇ ತೆಗೆದುಹಾಕಿರುವಾಗ ಸೆಟ್ಟಿಂಗ್ ಬದಲಿಸಿ ಏನೂ ಬರುವುದಿಲ್ಲ. ರಿಫ್ರೆಶ್ ಮಾಡಿದರೆ ನಿಮ್ಮ ಆ್ಯಡ್‌ಆನ್‌ಗಳು ಹೋಗುತ್ತವೆ, ಹಳೆಯ ಪ್ರೊಫೈಲ್ (ನಿಮ್ಮ ಬುಕ್‌ಮಾರ್ಕ್‌ಗಳೂ ಸೆಟ್ಟಿಂಗ್‌ಗಳೂ ಇರುವ ಫೋಲ್ಡರ್) ‘ಓಲ್ಡ್ ಫೈರ್‌ಫಾಕ್ಸ್ ಡೇಟಾ’ ಎಂಬ ಫೋಲ್ಡರ್ ಆಗಿ ಡೆಸ್ಕ್‌ಟಾಪ್‌ಗೆ ಬರುತ್ತದೆ, ಜನ ಅದನ್ನು ಕಸವೆಂದು ಅಳಿಸುತ್ತಾರೆ. ಹೊಸ ಆವೃತ್ತಿ ಬಳಸಿದ ಪ್ರೊಫೈಲನ್ನು ಹಳೆಯ ಆವೃತ್ತಿಯಲ್ಲಿ ತೆರೆದರೆ ಬುಕ್‌ಮಾರ್ಕ್‌ಗಳೇ ಕೆಡುವ ಅಪಾಯವಿದೆ. ಯಾರು ಬರೆದರೆಂದು ತಿಳಿಯದ ಔಷಧವನ್ನು ಹಂಚುವ ಮೊದಲು ಒಂದು ಬಾರಿ ಇಲ್ಲಿ ಕೇಳಿ.

ಗ್ರಂಥಪಾಲಕಿ, ಮೈಸೂರು: ಅಕ್ಕ, ನನ್ನದು ಸ್ವಲ್ಪ ಬೇರೆ ಸಮಸ್ಯೆ. ಸಂಶೋಧನಾ ವಿದ್ಯಾರ್ಥಿಗಳಿಗಾಗಿ ಒಂಬತ್ತು ವರ್ಷಗಳಿಂದ ಸುಮಾರು 140 ಪತ್ರಿಕೆಗಳ ಫೀಡ್‌ಗಳನ್ನು ವಿಷಯವಾರು ಜೋಡಿಸಿಟ್ಟಿದ್ದೆ. ನಮ್ಮಲ್ಲಿ ಪ್ರತಿ ಸಂಜೆ ಡೆಸ್ಕ್‌ಟಾಪ್ ಮೇಲಿರುವುದನ್ನೆಲ್ಲ ಅಳಿಸಿ ರೀಸೈಕಲ್ ಬಿನ್ ಖಾಲಿ ಮಾಡುವ ರೂಢಿ. ಆ ಫೈಲ್ ಹಾಗೆಯೇ ಹೋಗಿದೆ. ಅಪ್‌ಡೇಟ್ ಆಗಿ ಆರು ದಿನವಾಯಿತು.

ತಂತ್ರಜ್ಞೆ: ತಂಗಿ, ಮೊದಲು ಆ ಕಂಪ್ಯೂಟರಿನಲ್ಲಿ ಫೈರ್‌ಫಾಕ್ಸ್ ಮುಚ್ಚಿ, ಇನ್ನು ತೆರೆಯಬೇಡಿ. ಫೈರ್‌ಫಾಕ್ಸ್ ಬುಕ್‌ಮಾರ್ಕ್‌ಗಳ ಬ್ಯಾಕಪ್‌ಗಳನ್ನು ತಾನಾಗಿಯೇ ಇಟ್ಟುಕೊಳ್ಳುತ್ತದೆ. ಆದರೆ ಹದಿನೈದನ್ನು ಮಾತ್ರ. ಹೊಸದು ಸೇರಿದ ಹಾಗೆಲ್ಲ ಹಳೆಯದು ಅಳಿಯುತ್ತದೆ, ಆದ್ದರಿಂದ ಅಪ್‌ಡೇಟ್‌ಗೆ ಮೊದಲಿನ ಪ್ರತಿ ಕೈತಪ್ಪುವ ಮುನ್ನ ನಾವು ಅದನ್ನು ಹಿಡಿಯಬೇಕು.

ವಿಂಡೋಸ್‌ನ ರನ್ ಪೆಟ್ಟಿಗೆಯಲ್ಲಿ ‘ಆ್ಯಪ್‌ಡೇಟಾ’ ಎಂಬುದನ್ನು ಎರಡು ಶೇಕಡಾ ಚಿಹ್ನೆಗಳ ನಡುವೆ ಇಂಗ್ಲಿಷಿನಲ್ಲಿ ಬರೆದು ಎಂಟರ್ ಒತ್ತಿ. ಮೊಜಿಲ್ಲಾ, ಅದರೊಳಗೆ ಫೈರ್‌ಫಾಕ್ಸ್, ಅದರೊಳಗೆ ಪ್ರೊಫೈಲ್ಸ್ ಎಂಬ ಫೋಲ್ಡರ್ ಸಿಗುತ್ತದೆ. ಪ್ರೊಫೈಲ್ಸ್ ಫೋಲ್ಡರನ್ನು ಇಡಿಯಾಗಿ ಪೆನ್‌ಡ್ರೈವ್‌ಗೆ ನಕಲು ಮಾಡಿ. ಅದರಲ್ಲಿ ‘ಬುಕ್‌ಮಾರ್ಕ್‌ಬ್ಯಾಕಪ್ಸ್’ ತೆರೆದರೆ ಪ್ರತಿ ಫೈಲಿನ ಹೆಸರಿನಲ್ಲೇ ತಾರೀಖೂ ಬುಕ್‌ಮಾರ್ಕ್‌ಗಳ ಎಣಿಕೆಯೂ ಇರುತ್ತದೆ. ಅಪ್‌ಡೇಟ್ ಆದ ದಿನಕ್ಕಿಂತ ಹಿಂದಿನ ತಾರೀಖಿನದು ನಮಗೆ ಬೇಕು. ಅದನ್ನು ಜಿಪ್ ತೆರೆಯುವ ಸಾಫ್ಟ್‌ವೇರ್‌ನಿಂದ ತೆರೆಯಲು ಹೋಗಬೇಡಿ. ಅದು ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದವರದೇ ಬಗೆಯ ಸಂಕುಚಿತ ಫೈಲ್.

ಆ ಪ್ರತಿಯನ್ನು 64ರಲ್ಲಿ ಮರುಸ್ಥಾಪಿಸಿದರೆ ಲೈವ್ ಬುಕ್‌ಮಾರ್ಕ್‌ಗಳು ಮರಳುವುದಿಲ್ಲ, ಮೇಲಾಗಿ ಈಗಿರುವ ಬುಕ್‌ಮಾರ್ಕ್‌ಗಳೆಲ್ಲ ಅಳಿಸಿಹೋಗುತ್ತವೆ. ಆದ್ದರಿಂದ ಫೈರ್‌ಫಾಕ್ಸ್ ಇಲ್ಲದ ಇನ್ನೊಂದು ಕಂಪ್ಯೂಟರಿನಲ್ಲಿ, ನೆಟ್ ಸಂಪರ್ಕ ತೆಗೆದು, 63ನೇ ಆವೃತ್ತಿಯ ಪೂರ್ಣ ಇನ್‌ಸ್ಟಾಲರಿನಿಂದ ಹೊಸದಾಗಿ ಹಾಕಿ. ಬುಕ್‌ಮಾರ್ಕ್‌ಗಳನ್ನು ಕಂಪ್ಯೂಟರುಗಳ ನಡುವೆ ಹೊಂದಿಸುವ ಸಿಂಕ್ ಖಾತೆಗೆ ಲಾಗಿನ್ ಆಗಬೇಡಿ. ಬುಕ್‌ಮಾರ್ಕ್‌ಗಳ ಲೈಬ್ರರಿಯಲ್ಲಿ ‘ರಿಸ್ಟೋರ್’ ಮೂಲಕ ಆ ಹಳೆಯ ಫೈಲನ್ನು ಆರಿಸಿ. ಫೀಡ್‌ಗಳು ತಮ್ಮ ಗುರುತಿನೊಂದಿಗೆ ಕಂಡರೆ, ನೆಟ್ ಸಂಪರ್ಕ ಕೊಟ್ಟು ಅಲ್ಲಿಯೇ 64ಕ್ಕೆ ಅಪ್‌ಡೇಟ್ ಮಾಡಿ. ಆ ಕಂಪ್ಯೂಟರಿನ ಡೆಸ್ಕ್‌ಟಾಪ್‌ನಲ್ಲಿ ಓಪಿಎಂಎಲ್ ಫೈಲ್ ಬರಬೇಕು. ಬಂದ ಕೂಡಲೇ ಅದನ್ನು ಪೆನ್‌ಡ್ರೈವ್‌ಗೆ ತೆಗೆದುಕೊಳ್ಳಿ. ಸಂಜೆಯ ಶುಚಿ ಮಾಡುವವರಿಗೂ ಇಂದೊಂದು ದಿನ ಬಿಡುವು ಕೊಡಿ.

ಸದಸ್ಯರು, ಧಾರವಾಡ: ಇಷ್ಟೆಲ್ಲ ಪಾಡು ಯಾತಕ್ಕೆ? ಎಲ್ಲ ಪತ್ರಿಕೆಗಳಿಗೂ ಫೇಸ್‌ಬುಕ್ ಪುಟಗಳಿವೆ, ಲೈಕ್ ಮಾಡಿದರೆ ಸಾಕು. ಫೀಡ್ ಓದುವ ಸೇವೆಯಾಗಿದ್ದ ಗೂಗಲ್ ರೀಡರ್ 2013ರಲ್ಲೇ ಮುಚ್ಚಿತು. ಫೀಡಿನ ಕಾಲ ಮುಗಿಯಿತು.

ಸದಸ್ಯರು, ಸಾಗರ: ತಮ್ಮ ಮಾತನ್ನು ಒಪ್ಪಲಾರೆ. ಪುಟವನ್ನು ಲೈಕ್ ಮಾಡಿದವರಿಗೆಲ್ಲ ಪ್ರತಿಯೊಂದು ಬರಹವೂ ತಲುಪುವುದಿಲ್ಲ. ಯಾವುದನ್ನು ತೋರಿಸಬೇಕೆಂದು ಫೇಸ್‌ಬುಕ್‌ನವರು ಆರಿಸುತ್ತಾರೆ. ಫೀಡಿನಲ್ಲಿ ಬರೆದದ್ದೆಲ್ಲವೂ ಬರೆದ ಕ್ರಮದಲ್ಲೇ ಬರುತ್ತದೆ.

ಸದಸ್ಯರು, ಧಾರವಾಡ: ವಯಸ್ಸಾದವರಿಗೆ ಹೊಸದೆಂದರೆ ಆಗದು ಎಂಬುದಕ್ಕೆ ಇದೇ ಸಾಕ್ಷಿ.

ಸದಸ್ಯರು, ಸಾಗರ: ನನ್ನ ವಯಸ್ಸಿಗೂ ಈ ವಿಷಯಕ್ಕೂ ಏನು ಸಂಬಂಧ? ಮೂವತ್ತು ಬ್ಲಾಗ್‌ಗಳಲ್ಲಿ ಇಪ್ಪತ್ತಕ್ಕೆ ಫೇಸ್‌ಬುಕ್ ಪುಟವೇ ಇಲ್ಲ. ನೋಡಿ ಮಾತನಾಡಿ.

ಸದಸ್ಯರು, ಮಂಗಳೂರು: ಫೋನಿನಲ್ಲಿ ಫೀಡ್ ಓದುವಾಗ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣುತ್ತವೆ. ಪರಿಹಾರವಿದೆಯೇ?

ಸದಸ್ಯರು, ಹಾಸನ: ಬಳಸುವವರಿರುವ ಸೌಲಭ್ಯವನ್ನು ತೆಗೆದದ್ದು ಏಕೆಂದು ಮೇಡಂ ಹೇಳಲಿ.

ತಂತ್ರಜ್ಞೆ: ಬಳಸುವವರು ಬಹಳ ಕಡಿಮೆ, ಹಳೆಯ ಕೋಡನ್ನು ಸುರಕ್ಷಿತವಾಗಿ ಕಾಪಾಡುವ ಹೊರೆ ಬಹಳ ಹೆಚ್ಚು ಎಂಬುದು ಮೊಜಿಲ್ಲಾದವರು ಕೊಟ್ಟ ಕಾರಣ. ಆ ಕಾರಣ ನನಗೆ ಅರ್ಥವಾಗುತ್ತದೆ. ಆದರೂ 2004ರ ಮೊದಲ ಆವೃತ್ತಿಯಿಂದ ಜೊತೆಗಿದ್ದದ್ದು ಹೋದದ್ದಕ್ಕೆ ನನಗೂ ನೋವಾಗಿದೆ. ಫೀಡ್ ಮಾತ್ರ ಸತ್ತಿಲ್ಲ. ವರ್ಡ್‌ಪ್ರೆಸ್ ಮತ್ತು ಬ್ಲಾಗರ್ ಇಂದಿಗೂ ಅದನ್ನು ತಾವಾಗಿಯೇ ತಯಾರಿಸುತ್ತವೆ. ವಯಸ್ಸಿನ ಮಾತನ್ನು ಇಲ್ಲಿಗೆ ನಿಲ್ಲಿಸಿ.

ಸದಸ್ಯರು, ಬಳ್ಳಾರಿ: ಕ್ರೋಮ್‌ಗೆ ಬದಲಾದರೆ ಸರಿಹೋಗುತ್ತದೆಯೇ?

ತಂತ್ರಜ್ಞೆ: ಇಲ್ಲ. ಅದರಲ್ಲಿಯೂ ಫೀಡ್ ಓದಲು ಎಕ್ಸ್‌ಟೆನ್ಶನ್ ಬೇಕು.

ಗ್ರಂಥಪಾಲಕಿ, ಮೈಸೂರು: ಅಕ್ಕ, ಡಿಸೆಂಬರ್ 10ರ ಪ್ರತಿ ಸಿಕ್ಕಿತು. ತಾವು ಹೇಳಿದಂತೆಯೇ ಮಾಡಿದೆ. ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಒಂದೊಂದೇ ಸಾಲು ಎಣಿಸಿದೆ, 137 ವಿಳಾಸಗಳಿವೆ. ಆದರೆ ನಾನು ವಿಷಯವಾರು ಮಾಡಿಟ್ಟಿದ್ದ ವಿಂಗಡಣೆ ಕಾಣುತ್ತಿಲ್ಲ.

ತಂತ್ರಜ್ಞೆ: ವಿಳಾಸಗಳು ಉಳಿದವು, ಅದೇ ದೊಡ್ಡದು. ವಿಂಗಡಣೆಯನ್ನು ಥಂಡರ್‌ಬರ್ಡಿನಲ್ಲಿ ಕೈಯಾರೆ ಮಾಡಬೇಕಾಗುತ್ತದೆ. ಬುಕ್‌ಮಾರ್ಕ್‌ಗಳ ಲೈಬ್ರರಿಯ ಹಳೆಯ ಫೋಲ್ಡರ್‌ಗಳನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡರೆ ಒಂದು ಮಧ್ಯಾಹ್ನದ ಕೆಲಸ.

ಸದಸ್ಯರು, ತುಮಕೂರು: ಓಪಿಎಂಎಲ್ ಫೈಲ್ ಎಲ್ಲಿರುತ್ತದೆ ಮೇಡಂ?

ತಂತ್ರಜ್ಞೆ: ಡೆಸ್ಕ್‌ಟಾಪ್‌ನಲ್ಲಿ. ಮೊದಲ ಸಂದೇಶದಲ್ಲೇ ಬರೆದಿದ್ದೇನೆ.